ಅಜ್ಜಿಯ ರೂಪಾಯಿ ಪಟೋರ ಆದದ್ದು

ನಾಲ್ಕು ಹುಳಿ ಬಿಂಬುಳಿ ಕಾಯಿ ಜಜ್ಜಿ, ಮೇಲಿಂದ ಒಂದು ಚಿಟಿಕೆ ಉಮಿಕರಿ, ಅಂದರೆ ಭತ್ತದ ಹೊಟ್ಟು ಸುಟ್ಟ ಮಸಿ ಹಾಕಿ, ಹಳೆ ಟೂತ್‌ಬ್ರಶ್‌ನಲ್ಲಿ ಚೆನ್ನಾಗಿ ತಿಕ್ಕಿದೆ. ಹತ್ತು ನಿಮಿಷದಲ್ಲಿ ಅಜ್ಜಿಯ ದುಡ್ಡೆಲ್ಲ ಹಬ್ಬದ ಕಾಲುದೀಪದ ಹಾಗೆ ಹೊಳೆಯತೊಡಗಿತು. ಹಂಚಿನ ಹಾಗೆ ಕಪ್ಪಾಗಿದ್ದ ತಾಮ್ರದ ಮುಕ್ಕಾಲುಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆ ಹತ್ತು ನಿಮಿಷದಲ್ಲಿ ಎಷ್ಟು ಹಾಳು ಮಾಡಿದೆ ಅಂತ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಅಜ್ಜಿ ತೀರಿಕೊಂಡದ್ದು 2014ರ ಮಳೆಗಾಲದಲ್ಲಿ. ಅಟ್ಟದ ಮೇಲಿದ್ದ ಹಾರ್ಲಿಕ್ಸ್ ಬಾಟಲಿ ನನ್ನ ಪಾಲಿಗೆ ಬಂತು. ಪಾಲಿಗೆ ಬಂತು ಅಂದ್ರೆ, ಬೇರೆ ಯಾರಿಗೂ ಬೇಡವಾಗಿತ್ತು ಅಷ್ಟೆ. ಒಳಗೆ 63 ನಾಣ್ಯ. ಹೆಚ್ಚಿನವು ಮುಕ್ಕಾಲು. ನಮ್ಮ ಕಡೆ ಮುಕ್ಕಾಲು ಅಂದರೆ ಕಾಲು ಆಣೆ, ಮೂರು ಪೈ. ಅಂಥ ನಾಲ್ಕು ಸೇರಿದರೆ ಒಂದಾಣೆ, 64 ಸೇರಿದರೆ ಒಂದು ರೂಪಾಯಿ. ಏಳೆಂಟು ಒಟ್ಟೆ ಮುಕ್ಕಾಲೂ ಇದ್ದವು. 1943ರಿಂದ 1947ರ ವರೆಗೆ ಬಂದ, ನಡುವೆ ತೂತಿರುವ ಕಾಸು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವಿನ ಭಾಗ ತೆಗೆದರು. ಜನ ಆ ತೂತಿಗೆ ನೂಲು ಹಾಕಿ ಮಕ್ಕಳ ಉಡುದಾರಕ್ಕೆ ಕಟ್ಟಿದರು. ನನ್ನ ಅಪ್ಪನ ಸೊಂಟದಲ್ಲೂ ಒಂದು ಇತ್ತಂತೆ.

ಬೆಳ್ಳಿ ರೂಪಾಯಿ ಇದ್ದದ್ದು ಒಂದೇ. 1919ರದ್ದು, ಐದನೇ ಜಾರ್ಜ್. ಪ್ರತಿ ವರ್ಷ ವಿಷು ಹಬ್ಬದ ಬೆಳಗ್ಗೆ ಎಲ್ಲಕ್ಕಿಂತ ಮೊದಲು ನೋಡುವ ಕಣಿಗೆ ಅದೇ ರೂಪಾಯಿ. ಬೆಳ್ತಿಗೆ ಅಕ್ಕಿಯ ಮೇಲೆ ತೆಂಗಿನಕಾಯಿ, ಸೌತೆಕಾಯಿ, ಕನ್ನಡಿ, ಪಕ್ಕದಲ್ಲಿ ಈ ರೂಪಾಯಿ. ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗಿ, “ಈಗ ಬಿಡು ಮಗಾ” ಅನ್ನುತ್ತಿದ್ದರು ಅಜ್ಜಿ. ಕಣ್ಣು ಬಿಟ್ಟರೆ ಮೊದಲು ಕಾಣುತ್ತಿದ್ದದ್ದು ಕನ್ನಡಿಯಲ್ಲಿ ನನ್ನ ಮುಖ, ಆಮೇಲೆ ಜಾರ್ಜನ ಮುಖ. ಆ ಜಾರ್ಜನ ಗಡ್ಡವನ್ನೂ ನಾನು ಉಮಿಕರಿ ಹಾಕಿ ತಿಕ್ಕಿದ್ದೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಸಂಬಳ ಎಷ್ಟು ಅಂತ ಹೇಳುವುದು ಬೇಡ, ಅಡಿಕೆ ಅಂಗಡಿಯ ಲೆಕ್ಕದವನಿಗೆ ಎಷ್ಟು ಇರುತ್ತದೋ ಅಷ್ಟು. ನಾಣ್ಯದ ಹುಚ್ಚು ಹಿಡಿದ ಮೇಲೆ ಮನೆಯಲ್ಲಿ ಒಂದು ಒಪ್ಪಂದ ಆಯಿತು. ತಿಂಗಳಿಗೆ 500 ರೂಪಾಯಿ, ಅದರ ಮೇಲೆ ಒಂದು ಪೈಸೆಯೂ ಇಲ್ಲ. ಜೂನ್‌ನಲ್ಲಿ ಅದೂ ಇಲ್ಲ. ಮಕ್ಕಳ ಶಾಲೆ, ತೋಟಕ್ಕೆ ಮದ್ದು ಬಿಡುವ ಖರ್ಚು ಎಲ್ಲ ಒಟ್ಟಿಗೆ ಬರುವ ತಿಂಗಳು ಅದು. “ನಿಮ್ಮ ಚಿಲ್ಲರೆಗೆ ಚಿಲ್ಲರೆಯೇ ಸಾಕು” ಅಂದಳು ಹೆಂಡತಿ. ತಮಾಷೆಗೆ ಹೇಳಿದ್ದಲ್ಲ.

ಮೊದಲ ಎರಡು ವರ್ಷ ಆ ಐನೂರನ್ನು ಹೇಗೆ ಕಳೆದೆ ಅಂದ್ರೆ, ಸಿಕ್ಕಿದ್ದೆಲ್ಲ ತೆಗೆದೆ. ಕಾಸರಗೋಡಿನ ಗುಜರಿ ಅಂಗಡಿಯ ಇಚ್ಚ ಒಬ್ಬರು ನನಗಾಗಿ ನಾಣ್ಯ ತೆಗೆದಿಡುತ್ತಿದ್ದರು. ಸವೆದ ಮುಕ್ಕಾಲು ಒಂದಕ್ಕೆ 20 ರೂಪಾಯಿ, ಹತ್ತು ತೆಗೆದರೆ 150. ಗಲ್ಫಿನಿಂದ ಬಂದ ನೆರೆಮನೆಯವರು ಕಿಸೆಯಲ್ಲಿ ಉಳಿದ ದಿರ್ಹಮ್, ಹಲಾಲ, ಬೈಸ ಕೊಟ್ಟರು. ಕಾಫಿ ಹೂಜಿಯ ಚಿತ್ರ ಇರುವ ಒಂದು ದಿರ್ಹಮ್ ಕಾಣದ ಮನೆ ನಮ್ಮ ಊರಲ್ಲಿ ಕಡಿಮೆಯೇ. ಒಂದು ಜಾತ್ರೆಯಲ್ಲಿ 300 ರೂಪಾಯಿ ಕೊಟ್ಟು ಈಸ್ಟ್ ಇಂಡಿಯಾ ಕಂಪನಿಯ 1818ರ ಒಂದಾಣೆ ತಂದೆ. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ದಪ್ಪ ತಾಮ್ರ, ಕೈಯಲ್ಲಿ ಹಿಡಿದರೆ ಗತ್ತು. ಕಂಪನಿ ಸರ್ಕಾರ ರಾಮನ ಪಟ್ಟಾಭಿಷೇಕ ಹೊಡೆಸಿದ್ದಾದರೂ ಯಾವಾಗ ಅಂತ ನನಗೆ ಹೊಳೆಯಲೇ ಇಲ್ಲ. ಅಂಥ ನಾಣ್ಯವನ್ನು ಕಂಪನಿ ಯಾವತ್ತೂ ಹೊರಡಿಸಿಲ್ಲ. ಹಿತ್ತಾಳೆ, ತಾಮ್ರದಲ್ಲಿ ಯಾರ್‍ಯಾರೋ ಮಾಡಿ ಮಾರುವ ಬಿಲ್ಲೆ ಅದು. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ಭಾರ ಇಡಲು ಇದೆ. ಆ ಕೆಲಸ ಚೆನ್ನಾಗಿ ಮಾಡುತ್ತದೆ.

ಎರಡನೇ ವರ್ಷ ಮುಗಿಯುವಾಗ 400ಕ್ಕೂ ಜಾಸ್ತಿ ನಾಣ್ಯ ಇತ್ತು. ಎಲ್ಲವನ್ನೂ ಒಂದು ಆಲ್ಬಂನಲ್ಲಿ ಹಾಕಿ, ಮಂಗಳೂರಿಗೆ ರೈಲು ಹತ್ತಿದೆ. ಅಲ್ಲಿ ಒಬ್ಬ ನಿವೃತ್ತ ಮಾಸ್ಟ್ರಿದ್ದಾರೆ, ಐವತ್ತು ವರ್ಷದಿಂದ ನಾಣ್ಯ ಕೂಡಿಸುವವರು, ಸ್ವಲ್ಪ ಕೊಡು-ಕೊಳ್ಳುವುದೂ ಉಂಟು. ಆಲ್ಬಂನ ಹಾಳೆ ಮಗುಚುತ್ತಾ ಹೋದರು. ಮಾತಿಲ್ಲ. ಅಜ್ಜಿಯ ರೂಪಾಯಿ ಬಂದಾಗ ಕನ್ನಡಕ ಮೇಲೆ ಮಾಡಿದರು.

“ಎಂತ ಮಾರಾಯ್ರೆ, ಇದನ್ನು ದೀಪ ತೊಳೆದ ಹಾಗೆ ತೊಳೆದದ್ದಾ?”

“ಬಿಂಬುಳಿಯಲ್ಲಿ” ಅಂದೆ.

ಅವರು ಭೂತಕನ್ನಡಿ ನನ್ನ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನೋಡಲು ಹೇಳಿದರು. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಮಸೂರ. ಜಾರ್ಜನ ಕೆನ್ನೆಯ ಮೇಲೆ, ಕಿರೀಟದ ಸುತ್ತ ಖಾಲಿ ಜಾಗದಲ್ಲಿ, ಗೆರೆಯ ಮೇಲೆ ಗೆರೆ. ಅಂಗಳ ಗುಡಿಸಿದ ಮೇಲೆ ಹಿಡಿಸೂಡಿಯ ಗೀರು ಬಿದ್ದಿರುತ್ತದಲ್ಲ, ಥೇಟ್ ಹಾಗೆ. ನೂರು ವರ್ಷದಲ್ಲಿ ನಿಧಾನಕ್ಕೆ ಕೂತಿದ್ದ ಬೂದು ಬಣ್ಣ ಹೋಗಿ, ಅಲ್ಯೂಮಿನಿಯಂ ತಟ್ಟೆಯ ಬಿಳುಪು ಬಂದಿತ್ತು. ಹುಳಿ ಮೇಲಿನ ಪದರವನ್ನು ತಿಂದಿತ್ತು, ಉಮಿಕರಿ ಗೀರಿತ್ತು.

“ಅಡಿಕೆ ಅಂಗಡಿಯಲ್ಲಿರುವುದಲ್ವಾ ನೀವು? ಗಾರ್ಬಲ್ ಮಾಡುವುದು ನೋಡಿದ್ದೀರಲ್ಲ. ಇದು ಪಟೋರ” ಅಂದರು.

ಆ ಒಂದು ಮಾತಿನಲ್ಲಿ ನನಗೆ ನಾಣ್ಯದ ಗ್ರೇಡಿಂಗ್ ಅರ್ಥವಾಯಿತು. ನಮ್ಮಲ್ಲಿ ಚೀಲ ಸುರಿದು ಹೆಂಗಸರು ಕೂತು ಆರಿಸುತ್ತಾರೆ. ಒಳ್ಳೆಯದು ಒಂದು ಕಡೆ. ಒಡೆದದ್ದು ಪಟೋರ. ಪದರ ಬಿಟ್ಟದ್ದು ಉಳ್ಳಿಗಡ್ಡೆ. ಕಪ್ಪಾದದ್ದು ಕರಿಗೋಟು. ಅದೇ ಮರ, ಅದೇ ಗೊನೆ, ಆದರೆ ರೇಟು ಅಜಗಜಾಂತರ. ನಾಣ್ಯವೂ ಹಾಗೆಯೇ. ಅದೇ ವರ್ಷ, ಅದೇ ಟಂಕಸಾಲೆ. ಒಂದಕ್ಕೆ 30 ರೂಪಾಯಿ, ಇನ್ನೊಂದಕ್ಕೆ 600. ನಾಣ್ಯದವರು ಇದಕ್ಕೆ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಅನ್‌ಸರ್ಕ್ಯುಲೇಟೆಡ್ ಅಂತ ಹೆಸರು ಕೊಟ್ಟಿದ್ದಾರೆ. ‘ಗುಡ್’ ಅಂತ ಬರೆದದ್ದು ನೋಡಿ ಖುಷಿಪಡಬೇಡಿ. ಅದು ಹೆಚ್ಚುಕಡಿಮೆ ನಮ್ಮ ಕರಿಗೋಟು.

ಆವತ್ತು ಮಾಸ್ಟ್ರು ಹೇಳಿದ ಎರಡನೇ ಮಾತು, “ನಾನೂರು ಬೇಡ, ನಲ್ವತ್ತು ಮಾಡಿ.” ರೈಲಿನಲ್ಲಿ ಬರುವಾಗ ಉಳ್ಳಾಲ ದಾಟುವ ವರೆಗೂ ಸಿಟ್ಟಿತ್ತು. ಕುಂಬಳೆ ಬರುವಾಗ ಪೆನ್ನು ತೆಗೆದು ಟಿಕೆಟಿನ ಹಿಂದೆ ಪಟ್ಟಿ ಬರೆಯುತ್ತಿದ್ದೆ.

ವರ್ಷ ವರ್ಷದ್ದೂ ಬೇಕು ಅಂತ ಹೊರಟರೆ ನನ್ನ ಐನೂರು ಏಳು ಜನ್ಮಕ್ಕೂ ಸಾಲದು. 1939ರ ಬೆಳ್ಳಿ ರೂಪಾಯಿ ಒಂದೇ ಸಾಕು, ಮನೆ ಮಾರಿಸಲು. ಅಷ್ಟು ಅಪರೂಪ ಅದು. ಹಾಗಾಗಿಯೇ ಬೇರೆ ವರ್ಷದ್ದನ್ನು ತಿದ್ದಿ 1939 ಮಾಡುವವರೂ ಇದ್ದಾರೆ. ಹಾಗಾಗಿ ಒಂದೊಂದು ಮಾದರಿಗೆ ಒಂದೊಂದು ಅಂತ ಇಟ್ಟುಕೊಂಡೆ. ವರ್ಷ ಯಾವುದಾದರೂ ಆಗಲಿ. 1862ರಿಂದ 1964ರ ವರೆಗೆ ನಮ್ಮ ಊರಿನ ಸಂತೆಯಲ್ಲಿ ಓಡಾಡಿರಬಹುದಾದ ದುಡ್ಡು ಮಾತ್ರ. ವಿಕ್ಟೋರಿಯಾಳದ್ದೇ ಎರಡು ಬಗೆ, 1876ರ ವರೆಗೆ ‘ಕ್ವೀನ್’, 1877ರಿಂದ ‘ಎಂಪ್ರೆಸ್’. ಆಮೇಲೆ ಕಿರೀಟವಿಲ್ಲದ ಬೋಳುತಲೆಯ ಎಡ್ವರ್ಡ್. ಆಮೇಲೆ ಇಬ್ಬರು ಜಾರ್ಜ್. ಆಮೇಲೆ 1950ರಿಂದ ಅಶೋಕನ ಸಿಂಹ, ಕಾಸಿನ ಮೇಲೆ ಕುದುರೆ, ಆಣೆಯ ಮೇಲೆ ಬಸವ. 1957ರ ಏಪ್ರಿಲ್ 1ಕ್ಕೆ ಆಣೆ ಲೆಕ್ಕ ಹೋಗಿ ನಯಾ ಪೈಸೆ ಬಂತು, 1964ರಲ್ಲಿ ‘ನಯಾ’ ಹೋಯಿತು. ಅಲ್ಲಿಗೆ ನನ್ನ ಪಟ್ಟಿ ಮುಗಿಯಿತು.

ಕೆಲವರು ಕೇಳುತ್ತಾರೆ, ಕೇರಳದವರು ನೀವು, ತಿರುವಾಂಕೂರಿನ ಚಕ್ರಂ ಇಲ್ವಾ ಅಂತ. ಇತ್ತು, ಕೊಟ್ಟುಬಿಟ್ಟೆ. ಶಂಖದ ಚಿತ್ರದ ಚಂದದ ನಾಣ್ಯ. ಆದರೆ ನಮ್ಮ ಊರು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ಕೇರಳ ಆದದ್ದು 1956ರ ನವೆಂಬರ್ 1ಕ್ಕೆ. ಅಜ್ಜಿ ಚಕ್ರಂ ಕೊಟ್ಟು ಮೀನು ತೆಗೆದವರಲ್ಲ.

ನಾನೂರನ್ನು ನಲ್ವತ್ತು ಮಾಡುವುದು ಹೇಳಿದಷ್ಟು ಸುಲಭ ಇರಲಿಲ್ಲ. ಮೊದಲು ಗಲ್ಫ್ ನಾಣ್ಯಗಳು ಹೋದವು. ವಿದೇಶಿ ನಾಣ್ಯ ಕೂಡಿಸುವ ಮಂಗಳೂರಿನ ಹುಡುಗನೊಬ್ಬ 58 ನಾಣ್ಯ ತೆಗೆದುಕೊಂಡು ಎಡ್ವರ್ಡನ ಕಾಲು ಆಣೆ ಎರಡು, 1947ರ ಹುಲಿ ರೂಪಾಯಿ ಒಂದು ಕೊಟ್ಟ. ಈ ಹುಲಿ ರೂಪಾಯಿ ಬೆಳ್ಳಿಯದ್ದು ಅಂತ ಹೇಳಿ ಮಾರುವವರಿದ್ದಾರೆ. ಅದು ನಿಕ್ಕಲ್. ಒಂದು ಸಣ್ಣ ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ. ಅಯಸ್ಕಾಂತ ಸಿಕ್ಕಿದ್ದು ಮಗನ ಹಾಳಾದ ಆಟಿಕೆಯಿಂದ, ಖರ್ಚು ಸೊನ್ನೆ.

ನಾನು ಖರ್ಚು ಮಾಡಿ ತೆಗೆದ ಸಾಮಾನು ಎರಡೇ. ಒಂದು ಆ ಹತ್ತು ಪಟ್ಟಿನ ಭೂತಕನ್ನಡಿ. ಇನ್ನೊಂದು ಚಿನ್ನದ ಕೆಲಸದವರು ಇಟ್ಟುಕೊಳ್ಳುವ ಅಂಗೈಯಗಲದ ಡಿಜಿಟಲ್ ತಕ್ಕಡಿ. ಕ್ವಿಂಟಾಲ್ ಲೆಕ್ಕದಲ್ಲಿ ತೂಗುವ ಅಂಗಡಿಯಲ್ಲಿ ಕೂತು ಗ್ರಾಮಿನ ನೂರನೇ ಭಾಗ ನೋಡುವುದು ಒಂದು ಮಜ. ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. 1939ರ ವರೆಗೆ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ ಯುದ್ಧದ ಬಿಸಿಗೆ ಅರ್ಧಕ್ಕರ್ಧ. ಸವೆದರೆ ತೂಕ ಸ್ವಲ್ಪ ಇಳಿಯುತ್ತದೆ. ಆದರೆ ಹೊಸದರ ಹಾಗೆ ಗೆರೆಗೆರೆ ಕಾಣುವ ರೂಪಾಯಿ 10 ಗ್ರಾಂ ತೂಗಿದರೆ ಮಾತಾಡದೆ ವಾಪಸ್ ಕೊಡುವುದು. ಎರಡು ಸಲ ಹಾಗೆ ಕೊಟ್ಟಿದ್ದೇನೆ. ತಕ್ಕಡಿಯ ದುಡ್ಡು ಅಲ್ಲಿಗೆ ಬಂತು.

ಇನ್ನೊಂದು ಪೆಟ್ಟು ಬಿದ್ದದ್ದು ಆಲ್ಬಂನಿಂದ. ಅಗ್ಗದ ಪ್ಲಾಸ್ಟಿಕ್ ಪಾಕೆಟ್‌ಗಳ ಆಲ್ಬಂ, ಮೃದುವಾಗಿ ಬಗ್ಗುವಂಥದ್ದು, ತೆರೆದರೆ ಹೊಸ ಮಳೆಕೋಟಿನ ವಾಸನೆ. 2017ರ ಆಟಿ ತಿಂಗಳು. ನಮ್ಮಲ್ಲಿ ಆಟಿಯ ಮಳೆ ಅಂದರೆ ಚಪ್ಪಲಿಗೂ ಬೂಸ್ಟು, ದೇವರ ಪಟಕ್ಕೂ ಬೂಸ್ಟು. ಒಂದು ಸಂಜೆ ಆಲ್ಬಂ ತೆಗೆದರೆ ತಾಮ್ರದ ನಾಣ್ಯಗಳ ಮೇಲೆ ಹಸಿರು ಲೋಳೆ. ತೋಟಕ್ಕೆ ಬಿಡುವ ಮೈಲುತುತ್ತಿನ ಬಣ್ಣ, ಮುಟ್ಟಿದರೆ ಅಂಟು. ಆ ಪ್ಲಾಸ್ಟಿಕ್ ಪಿವಿಸಿ. ಹಳತಾಗುತ್ತಾ, ಶೆಕೆ ಮತ್ತು ತೇವ ಸೇರಿ, ಅದು ಆಮ್ಲ ಬಿಡುತ್ತದೆ. ಆಮ್ಲ ತಾಮ್ರವನ್ನು ತಿನ್ನುತ್ತದೆ. ನಾನು ಬಿಂಬುಳಿಯಿಂದ ಮಾಡಿದ ಕೆಲಸವನ್ನೇ ಅದು ಸದ್ದಿಲ್ಲದೆ ಮಾಡುತ್ತಿತ್ತು.

ಈ ಸಲ ತಿಕ್ಕಲಿಲ್ಲ. ಮಾಸ್ಟ್ರಿಗೆ ಫೋನ್ ಮಾಡಿದೆ. ಲ್ಯಾಬಿನ ಸಾಮಾನು ಮಾರುವ ಅಂಗಡಿಯಿಂದ ಶುದ್ಧ ಅಸಿಟೋನ್ ತರಲು ಹೇಳಿದರು. ಉಗುರು ಬಣ್ಣ ತೆಗೆಯುವ ದ್ರಾವಣ ಆಗುವುದಿಲ್ಲ, ಅದರಲ್ಲಿ ಬಣ್ಣ, ಎಣ್ಣೆ ಏನೇನೋ ಇರುತ್ತದೆ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು. ಗಾಜಿನ ಲೋಟದಲ್ಲಿ ಅಸಿಟೋನ್ ಹಾಕಿ ನಾಣ್ಯ ಮುಳುಗಿಸಿ, ಮೇಲೆ ಮುಚ್ಚಿಟ್ಟೆ. ಒಂದು ಗಂಟೆಯಲ್ಲಿ ಲೋಳೆ ಬಿಟ್ಟುಕೊಂಡಿತು. ತೆಗೆದು, ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ, ಮೆತ್ತನೆ ಬಟ್ಟೆಯ ಮೇಲೆ ಹಾಗೇ ಇಟ್ಟೆ. ಒರೆಸಲಿಲ್ಲ. ಹನ್ನೊಂದು ನಾಣ್ಯ ಉಳಿದವು. ಐದರ ಮೇಲೆ ಲೋಳೆಯ ಅಡಿಯಲ್ಲಿ ಸೂಜಿ ಚುಚ್ಚಿದ ಹಾಗೆ ಗುಳಿ ಬಿದ್ದಾಗಿತ್ತು.

ಆಮೇಲಿಂದ ರಟ್ಟಿನ ಚೌಕದೊಳಗೆ ಮೈಲಾರ್ ಅನ್ನುವ, ಪಿವಿಸಿ ಅಲ್ಲದ ತೆಳು ಪ್ಲಾಸ್ಟಿಕ್ ಹಾಳೆ ಇರುವ ಹೋಲ್ಡರ್. ಮಡಚಿ ಮೂರು ಬದಿ ಸ್ಟೇಪಲ್ ಹೊಡೆದರೆ ಮುಗಿಯಿತು. ಹೋಲ್ಡರ್‌ಗಳೆಲ್ಲ ಸ್ಟೀಲಿನ ಚಕ್ಕುಲಿ ಡಬ್ಬಿಯಲ್ಲಿ, ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪೊಟ್ಟಣ ಬದಲಿಸುತ್ತೇನೆ. ಡಬ್ಬಿ ಕಂಡಾಗಲೆಲ್ಲ ಮಕ್ಕಳಿಗೆ ಮೋಸ ಆಗುತ್ತದೆ, ಏನು ಮಾಡುವುದು.

ಅಪ್‌ಗ್ರೇಡ್ ಮಾಡುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಸ್ವಲ್ಪ ಚೆನ್ನಾಗಿರುವುದು ಸಿಕ್ಕಿತು ಅಂತ ತೆಗೆಯುವುದಿಲ್ಲ. ಫೈನ್ ಇದ್ದ ಜಾಗಕ್ಕೆ ಇನ್ನೊಂದು ಫೈನ್, ಮತ್ತೆ ಒಂದು ವೆರಿ ಫೈನ್, ಹೀಗೆ ಮೂರು ಸಲ ದುಡ್ಡು ಕೊಡುವ ಬದಲು ಮೂರು ತಿಂಗಳು ಸುಮ್ನೆ ಕೂರುತ್ತೇನೆ. ಕೈಯಲ್ಲಿ 1,500 ಆದ ಮೇಲೆ ಒಂದೇ ಸಲ ಒಳ್ಳೆಯದು. ಹಳತನ್ನು ಅದೇ ದಿನ ಕೊಟ್ಟುಬಿಡಬೇಕು. ಮನೆಗೆ ತಂದರೆ ಎರಡೂ ಉಳಿಯುತ್ತವೆ, ಮತ್ತೆ ನಾನೂರಾಗುತ್ತದೆ. ಕೊಡುವಾಗ ಖಂಡಿತ ನಷ್ಟ. 80ಕ್ಕೆ ತೆಗೆದದ್ದು 50ಕ್ಕೆ ಹೋಗುತ್ತದೆ. ಆ 30 ಕಲಿತದ್ದರ ಫೀಸು ಅಂತ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೇನೆ. ಹಾಗೆ ಬರೆಯಲು ಒಂದು ಕಾಲಂ ಉಂಟು.

1964ರ ನಂತರದ ನಾಣ್ಯಕ್ಕೆ ಅಷ್ಟೂ ಬೇಡ. ಪಟ್ಟಿಯ ಹೊರಗೆ, ಮಗಳ ಹೆಸರಲ್ಲಿ ಒಂದು ಸಣ್ಣ ಡಬ್ಬಿ ಮಾಡಿದ್ದೇವೆ. ಅದು ತುಂಬುವುದು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ. ಸಂಜೆ ಲೆಕ್ಕ ಮುಗಿದ ಮೇಲೆ ನನ್ನ ನಾಣ್ಯ ಹಾಕಿ ಚೆನ್ನಾಗಿರುವುದನ್ನು ತೆಗೆಯುತ್ತೇನೆ, ಧಣಿಗಳ ಒಪ್ಪಿಗೆ ಇದೆ. ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆಯದ್ದು, ಚುಕ್ಕೆ ಇದ್ದರೆ ನೋಯ್ಡಾ, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಮಗಳು ಈಗ ಭೂತಕನ್ನಡಿ ಇಲ್ಲದೆಯೇ ಹೇಳುತ್ತಾಳೆ. 2006ರ ಬಸವೇಶ್ವರರ ಐದು ರೂಪಾಯಿ, ಅದೇ ವರ್ಷದ ನಾರಾಯಣ ಗುರುಗಳ ಐದು ರೂಪಾಯಿ, ಎರಡೂ ಒಂದೇ ವಾರದಲ್ಲಿ ಸಿಕ್ಕಿದವು. ಊರ ದೇವಸ್ಥಾನದ ಹುಂಡಿ ಎಣಿಸುವ ದಿನವೂ ನಾನು ತಪ್ಪದೆ ಹೋಗುತ್ತೇನೆ. 2011ರ ಜೂನ್ 30ಕ್ಕೆ ಚಲಾವಣೆ ನಿಂತ ನಾಲ್ಕಾಣೆ ಇನ್ನೂ ಹುಂಡಿಗೆ ಬೀಳುತ್ತದೆ. ಖಡ್ಗಮೃಗದ ಚಿತ್ರದ್ದು. ದೇವರಿಗಾದರೆ ನಡೆಯುತ್ತದೆ ಅಂತ ಇರಬೇಕು.

ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ ಸಿಗುತ್ತದಂತೆ, ಹೌದಾ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ನನ್ನ ಹತ್ತಿರ ಅದು ನಾಲ್ಕು ಇದೆ. ಹತ್ತು ರೂಪಾಯಿ ಕೊಟ್ಟರೆ ಒಂದು ಕೊಡುತ್ತೇನೆ. ನಮ್ಮ ಭಾವನಿಗೆ ಒಂದು ಫೋನ್ ಬಂದು, ರಿಸರ್ವ್ ಬ್ಯಾಂಕಿನವರು ಅಂತ ಹೇಳಿ, ರಿಜಿಸ್ಟ್ರೇಶನ್‌ಗೆ 1,250 ಕೇಳಿದ್ದರು. ಕಳಿಸಿದ ಮೇಲೆ ನನಗೆ ಹೇಳಿದ. 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕು ನಾವು ಅಂಥ ವ್ಯವಹಾರ ಮಾಡುವುದೂ ಇಲ್ಲ, ಕಮಿಶನ್ ಕೇಳುವುದೂ ಇಲ್ಲ ಅಂತ ಪ್ರಕಟಣೆ ಕೊಟ್ಟಿತ್ತು. ಭಾವ ಆಮೇಲೆ ಒಂದು ತಿಂಗಳು ನಮ್ಮ ಮನೆ ಕಡೆ ಬರಲಿಲ್ಲ.

ಪಟ್ಟಿಯ ನಿಯಮ ನಾನು ಮುರಿದದ್ದು ಒಂದೇ ಸಲ. ಮಾಸ್ಟ್ರ ಮೇಜಿನ ಮೇಲೆ ದಪ್ಪ ತಾಮ್ರದ ಒಂದು ನಾಣ್ಯ ಇತ್ತು. ಒಂದು ಬದಿ ಆನೆ, ಮೇಲೆ ಸೂರ್ಯ ಚಂದ್ರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ತಿರುಗಿಸಿದೆ. ಪಾರ್ಸಿ, ಇಂಗ್ಲಿಷ್, ಮತ್ತೆ ಕನ್ನಡ. ‘ಮಯಿಲಿ ಕಾಸು ಯಿಪ್ಪತು.’ ಬಾಯಿಬಿಟ್ಟು ಓದಿದೆ. ಯಾರ ಸಹಾಯವೂ ಇಲ್ಲದೆ, ಇನ್ನೂರು ವರ್ಷ ಹಳೆಯ ದುಡ್ಡಿನ ಮೇಲೆ ಬರೆದದ್ದನ್ನು ನಾನೇ ಓದಿದೆ. ನಮ್ಮ ಬಸ್ಸಿನ ಬೋರ್ಡಿನಲ್ಲೇ ಕನ್ನಡ ಹುಡುಕಬೇಕಾದ ಕಾಲ ಇದು. ಆನೆಯ ಕಾಲು ಸವೆದಿತ್ತು, ಅಂಚು ಒಂದು ಕಡೆ ತಗ್ಗಿತ್ತು. ಗ್ರೇಡಿನ ಲೆಕ್ಕದಲ್ಲಿ ಏನೂ ಅಲ್ಲ. 700 ಅಂದರು, ಚೌಕಾಸಿ ಮಾಡಲಿಲ್ಲ. ಹೆಂಡತಿಗೆ 500 ಅಂದೆ. ಈಗ ಇದನ್ನು ಓದಿದರೆ ಗೊತ್ತಾಗುತ್ತದೆ.

2019ರಲ್ಲಿ, ಅಜ್ಜಿಯ ರೂಪಾಯಿಗೆ ನೂರು ವರ್ಷ ಆದಾಗ, ಅದರ ಜಾಗಕ್ಕೆ ಒಳ್ಳೆಯದು ಸಿಕ್ಕಿತು. ಅದೇ 1919. ಬೆಳಗ್ಗಿನ ಬೆಳಕಿನಲ್ಲಿ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಐದನೇ ಜಾರ್ಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇರುತ್ತದೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು. 1911ರಲ್ಲಿ ಮೊದಲ ಸಲ ಹೊಡೆದಾಗ ಆ ಆನೆಯ ಸೊಂಡಿಲು ಚಿಕ್ಕದಾಗಿ, ನೋಡಿದವರಿಗೆ ಹಂದಿಯ ಹಾಗೆ ಕಂಡು ದೊಡ್ಡ ಗಲಾಟೆಯೇ ಆಯಿತು. ಉಳಿದ ನಾಣ್ಯ ಕರಗಿಸಿ, 1912ರಲ್ಲಿ ಸೊಂಡಿಲು ಸರಿ ಮಾಡಿದರು. ಸವೆದ ರೂಪಾಯಿಯಲ್ಲಿ ಆನೆಯ ಜಾಗದಲ್ಲಿ ಒಂದು ಉಬ್ಬು ಮಾತ್ರ ಇರುತ್ತದೆ. ಇದರಲ್ಲಿ ಸೊಂಡಿಲು ಇತ್ತು, ಕಿವಿ ಇತ್ತು, ನಾಲ್ಕು ಕಾಲೂ ಬೇರೆ ಬೇರೆ ಕಂಡವು. ಬಣ್ಣ ಮೋಡ ಕವಿದ ಹಾಗೆ ಬೂದು, ಅಕ್ಷರಗಳ ಸಂದಿಯಲ್ಲಿ ಸ್ವಲ್ಪ ನೀಲಿ. ಯಾರೂ ತೊಳೆದಿರಲಿಲ್ಲ. ಬೆಲೆ 1,100, ಮೂರು ಕಂತಿನಲ್ಲಿ.

“ಹಳತನ್ನು ಕೊಡಿ, ಬೆಳ್ಳಿ ರೇಟಿಗೆ ಹಿಡಿಯುವ” ಅಂದರು ಮಾಸ್ಟ್ರು. ನನ್ನದೇ ಕ್ರಮ, ಅದೇ ದಿನ ಕೊಡಬೇಕು. ಕಿಸೆಯಿಂದ ತೆಗೆದು ತಕ್ಕಡಿಯ ಮೇಲೆ ಇಟ್ಟೆ. 11.48. ಅವರು 450 ಅಂದರು. ನ್ಯಾಯದ ರೇಟೇ.

ನಾನು ಸ್ವಲ್ಪ ಹೊತ್ತು ಆ 11.48 ನೋಡಿದೆ. 11.66ರಲ್ಲಿ 0.18 ಗ್ರಾಂ ಎಲ್ಲಿ ಹೋಗಿರಬಹುದು ಅಂತ ಲೆಕ್ಕ ಹಾಕಿದೆ. ಯಾರ್‍ಯಾರ ಸೊಂಟದ ಚೀಲ, ಯಾವ್ಯಾವ ಅಂಗಡಿಯ ಮರದ ಮೇಜು, ಅಜ್ಜಿಯ ಕಣಿಯ ಅಕ್ಕಿ. ಅದರಲ್ಲಿ ನನ್ನ ಬಿಂಬುಳಿಯ ಪಾಲೂ ಇರಬೇಕು. ರೂಪಾಯಿ ಎತ್ತಿ ಮತ್ತೆ ಕಿಸೆಗೆ ಹಾಕಿದೆ.

“ಗೊತ್ತಿತ್ತು” ಅಂದರು ಮಾಸ್ಟ್ರು, ಪುಸ್ತಕದಲ್ಲಿ ಕಂತು ಬರೆಯುತ್ತಾ.

ಅದು ಈಗ ಡಬ್ಬಿಯಲ್ಲಿಲ್ಲ, ದೇವರ ಕೋಣೆಯಲ್ಲಿದೆ. ವರ್ಷಕ್ಕೊಮ್ಮೆ ಅಕ್ಕಿಯ ಮೇಲೆ ಬರುತ್ತದೆ. ಐದು ವರ್ಷದಲ್ಲಿ ಮತ್ತೆ ಅಂಚಿನಿಂದ ಕಪ್ಪು ಹತ್ತುತ್ತಾ ಬಂದಿದೆ. ನಾನು ಮುಟ್ಟುವುದಿಲ್ಲ.

ಚಕ್ಕುಲಿ ಡಬ್ಬಿಯಲ್ಲಿ ಈಗ 37 ನಾಣ್ಯ. ಮೂರು ಹೋಲ್ಡರ್ ಖಾಲಿ. ಒಂದರಲ್ಲಿ ವಿಕ್ಟೋರಿಯಾಳ ತಾಮ್ರದ ಅರ್ಧ ಆಣೆ ಬರಬೇಕು, ಅಂಗೈಯಲ್ಲಿಟ್ಟರೆ ರೂಪಾಯಿಗಿಂತ ಭಾರ ಅನಿಸುವ ನಾಣ್ಯ. ಸದ್ಯಕ್ಕೆ ಅಲ್ಲಿ ಒಂದು ಚೀಟಿ ಇದೆ. ‘ಕೇಳಿದ್ದು 1,800. ಕೈಯಲ್ಲಿ 900. ಜೂನ್ ಬಿಟ್ಟು ಎರಡು ತಿಂಗಳು.’